ದೊರೆಯವರ ಸ್ನಾನದ ವಿಚಾರವಾಗಿ ಒಂದು ಬಿನ್ನಹ

ಸಮಸ್ತ ಸೋಫಾಗಳ ಒಡೆಯರೂ, ಮಹಡಿ ಮೆಟ್ಟಿಲಿನ ಏಕೈಕ ಕಾವಲುಗಾರರೂ, ನೋಡುವವರ ಕಣ್ಣಿಗೆ ಮಾತ್ರ ನಮ್ಮ ಮನೆಯ ಸಾಕುನಾಯಿಯೂ ಆದ ಸನ್ಮಾನ್ಯ ದೊರೆಯವರ ನಾಲ್ಕೂ ಪಾದಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಈ ಪತ್ರ ಬರೆಯುತ್ತಿರುವ ಹೊತ್ತಿನಲ್ಲಿ ತಾವು ನನ್ನ ಎಡಗಾಲಿನ ಮೇಲೆ ತಮ್ಮ ಸಂಪೂರ್ಣ ಭಾರವನ್ನು ಇಳಿಸಿ, ಕನಸಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಾ ಗೊರಕೆ ಹೊಡೆಯುತ್ತಿದ್ದೀರಿ. ನನ್ನ ಕ್ಷೇಮವನ್ನು ವಿಚಾರಿಸುವ ಪದ್ಧತಿ ತಮ್ಮಲ್ಲಿ ಇಲ್ಲವಾದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ: ಎಡಗಾಲು ಜೋಮು ಹಿಡಿದಿದೆ, ಉಳಿದ ಭಾಗಗಳು ಪರವಾಗಿಲ್ಲ. ಈ ದೂರನ್ನು ಕಿವಿಯಲ್ಲೇ ಹೇಳಬಹುದಿತ್ತಲ್ಲ, ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ಕಿವಿಯಲ್ಲಿ ಹೇಳಿದ ಮಾತಿಗೆಲ್ಲ ತಾವು ಇದುವರೆಗೆ ಆಕಳಿಸಿದ್ದೀರಿ, ಒಮ್ಮೆಯಂತೂ ನಾನು ವಾಕ್ಯ ಮುಗಿಸುವ ಮುನ್ನವೇ ಎದ್ದು ಹೋಗಿದ್ದೀರಿ. ಆದಕಾರಣ ಇದನ್ನು ಬರೆದು, ಮೆಟ್ಟಿಲ ಪಕ್ಕದ ಗೋಡೆಗೆ, ಸರಿಯಾಗಿ ತಮ್ಮ ಮೂಗಿನ ಎತ್ತರಕ್ಕೆ ಅಂಟಿಸಲಿದ್ದೇನೆ. ನಾಯಿಗಳಿಗೆಲ್ಲ ಇದು ಬಹಿರಂಗ; ಬಗ್ಗಿ ಓದುವ ತಾಳ್ಮೆಯಿಲ್ಲದ ಮನುಷ್ಯರಿಗೆ ಗುಟ್ಟು.

ತಾವು ನನ್ನನ್ನು ಇನ್ನೂ ಅಧಿಕೃತವಾಗಿ ಮಾನ್ಯ ಮಾಡಿಲ್ಲವಾದ್ದರಿಂದ ಮೊದಲು ನನ್ನ ಪರಿಚಯ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಎರಡು ಕುರ್ಚಿಗಳ ಬ್ಯೂಟಿ ಪಾರ್ಲರ್ ನಡೆಸುವವಳು ನಾನು. ನಲವತ್ತು ದಾಟಿ, ಇನ್ನು ನನ್ನ ಮದುವೆಯ ಮಾತನ್ನು ಯಾರೂ ಎತ್ತುವುದಿಲ್ಲವೆಂದು ನೆಮ್ಮದಿಯಾಗಿದ್ದ ಕಾಲದಲ್ಲಿ, ರೈಲು ಓಡಿಸುವ ತಮ್ಮ ಯಜಮಾನರು ದರ್ಜಿ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ನನ್ನ ಬಾಗಿಲಿಗೆ ಬಂದರು. ದರ್ಜಿ ಅಂಗಡಿ ಪಕ್ಕದಲ್ಲೇ ಇದ್ದರೂ, ನಾನು ಬೆರಳು ಮಾಡಿ ತೋರಿಸಿದರೂ, ಮರುವಾರ ಮತ್ತೆ ಬಂದು ಅದನ್ನೇ ಕೇಳಿದರು. ಹಳಿ ಬಿಟ್ಟರೆ ಬೇರೆ ದಾರಿಯೇ ತಿಳಿಯದ ಮನುಷ್ಯನನ್ನು ಹೀಗೆ ಬೀದಿಯಲ್ಲಿ ಅಲೆಯಲು ಬಿಡುವುದು ಸರಿಯಲ್ಲವೆಂದು ನಾನು ಮದುವೆಗೆ ಒಪ್ಪಿದೆ. ಮನೆಯಲ್ಲಿ ಅವರ ಮಗಳಿದ್ದಾಳೆಂದೂ, ಹತ್ತು ವರ್ಷದವಳೆಂದೂ, ಅವಳ ತಾಯಿ ತೀರಿಕೊಂಡು ಕೆಲವು ವರ್ಷವಾಯಿತೆಂದೂ ಅವರು ಮೊದಲೇ ತಿಳಿಸಿದ್ದರು. ತಾವಿದ್ದೀರೆಂದು ಕೂಡ ತಿಳಿಸಿದ್ದರು, ಆದರೆ "ಒಂದು ನಾಯೀನೂ ಇದೆ" ಎಂದಷ್ಟೇ ಹೇಳಿ ತಮ್ಮ ಘನತೆಗೆ ಕುಂದು ತಂದಿದ್ದರು. ಮಂಚದ ಎಡಭಾಗ, ಸೋಫಾದ ಪೂರ್ತಿ ಭಾಗ ಮತ್ತು ಫ್ಯಾನಿನ ಗಾಳಿ ಬೀಳುವ ಎಲ್ಲ ಜಾಗಗಳೂ ತಮ್ಮವೆಂದು ನನಗೆ ತಿಳಿದದ್ದು ಮದುವೆಯ ಮರುದಿನ. ನಾಯಿಪಾಡು ಎಂಬ ಪದವನ್ನು ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ. ಅವರು ತಮ್ಮನ್ನು ಕಂಡಿರಲಿಲ್ಲವೆಂಬುದು ಮಾತ್ರ ಖಂಡಿತ.

ಇನ್ನು ದೂರಿನ ಮೂಲ ವಿಷಯಕ್ಕೆ ಬರುತ್ತೇನೆ, ಅದು ತಮ್ಮ ಮೈ. ನನ್ನ ವೃತ್ತಿಜೀವನದಲ್ಲಿ ಗುಂಗುರು, ಸೀಳು, ಉದುರು, ಎಣ್ಣೆಜಿಡ್ಡು ಎಲ್ಲ ಬಗೆಯ ಕೂದಲನ್ನೂ ಪಳಗಿಸಿದ್ದೇನೆಂಬ ಹಮ್ಮು ನನಗಿತ್ತು. ತಮ್ಮ ಮೈಮೇಲೆ ಅವೆಲ್ಲವೂ ಒಟ್ಟಿಗೆ, ಒಂದರೊಳಗೊಂದು ಸಿಕ್ಕು ಹಾಕಿಕೊಂಡು, ಒಗ್ಗಟ್ಟಿನಿಂದ ಬದುಕಿದ್ದವು. ತಮ್ಮ ಬಣ್ಣ ಯಾವುದು ಎಂದು ಕೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ "ಮೊದ್ಲು ಯಾವುದೋ ಇತ್ತು" ಎಂದರು. ಇನ್ನು ವಾಸನೆಯ ವಿಚಾರ. ಅದನ್ನು ದುರ್ವಾಸನೆ ಎನ್ನುವುದು ಅವಸರದ ಮಾತಾದೀತು. ಒದ್ದೆ ಗೋಣಿಚೀಲ, ಹಳೆಯ ಮೊಟ್ಟೆ, ಮಳೆಯಲ್ಲಿ ನೆನೆದ ಕ್ಯಾನ್ವಾಸ್ ಬೂಟು ಮತ್ತು ಇನ್ನೂ ಹೆಸರಿಡದ ಏನೋ ಒಂದು ಸೇರಿ ಹದವಾಗಿ ಹುದುಗಿ ಬಂದ ಸುಗಂಧವದು. ತಾವು ಕೋಣೆಯಿಂದ ಹೋದ ಮೇಲೂ ಅದು ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು.

ಈ ಸುಗಂಧವು ಕೆಳಮನೆಯಲ್ಲಿರುವ ನಮ್ಮ ಮನೆಯೊಡತಿಯವರ ಮೂಗಿಗೂ ಪಾಲು ನೀಡಿತು. ಬಟ್ಟೆ ಒಣಗಿಸಲು ತಾರಸಿಗೆ ಹೋಗಬೇಕಾದರೆ ಅವರು ನಮ್ಮ ಬಾಗಿಲ ಮುಂದೆಯೇ ಹಾದುಹೋಗಬೇಕು. ಒಂದು ಬೆಳಿಗ್ಗೆ ಅವರು ಒದ್ದೆ ಬಟ್ಟೆಯ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು, ಮೂಗಿಗೆ ಸೆರಗು ಹಿಡಿದು, ನನ್ನನ್ನು ಹೊರಗೆ ಕರೆದರು. "ನೋಡಮ್ಮ, ನಾಯಿ ಸಾಕ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ನನ್ನ ಮನೆ ಮೆಟ್ಟಿಲನ್ನ ನಾನು ಉಸಿರು ಕಟ್ಕೊಂಡು ಹತ್ತಬೇಕು ಅಂದ್ರೆ ಹೇಗೆ? ನನಗೂ ವಯಸ್ಸಾಯ್ತು, ಅರ್ಧಕ್ಕೇ ಉಸಿರು ಮುಗಿದುಹೋಗತ್ತೆ. ಈ ತಿಂಗಳು ಮುಗಿಯೋದ್ರೊಳಗೆ ಆ ವಾಸನೆ ಹೋಗ್ಬೇಕು, ಇಲ್ಲ ಆ ನಾಯಿ ಹೋಗ್ಬೇಕು, ಇಲ್ಲ ನೀವೆಲ್ಲ ಹೋಗ್ಬೇಕು" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ತಾವು ನನ್ನ ಕಾಲ ಸಂದಿಯಿಂದ ಮುಖ ಹೊರಹಾಕಿ, ಅವರನ್ನು ಕಂಡು ಬಾಲ ಅಲ್ಲಾಡಿಸಿದ್ದು ಸೌಜನ್ಯವೇ ಹೌದು. ಆದರೆ ಆ ಬಾಲದ ಬೀಸಿಗೆ ಅವರು ಎರಡು ಮೆಟ್ಟಿಲು ಹಿಂದೆ ಸರಿದದ್ದನ್ನು ತಾವು ಗಮನಿಸಲಿಲ್ಲ.

ಗಮನಿಸಿದವಳು ಮಗಳು. ಬಾಗಿಲ ಹಿಂದೆ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಸಂಜೆ ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ ಬಂದು, ಒಂದಿಷ್ಟು ಹೊತ್ತು ನನ್ನ ಕೈಯನ್ನೇ ನೋಡುತ್ತಾ ನಿಂತು, "ನೀವೇ ಹೇಳಿಕೊಟ್ರಿ ಅಲ್ವಾ ಅವರಿಗೆ?" ಎಂದಳು. ನಾನಲ್ಲ ಎಂದೆ. "ನಿಮಗೆ ದೊರೆ ಇಷ್ಟ ಇಲ್ಲ. ಅವನು ಹತ್ರ ಬಂದ್ರೆ ನೀವು ಸೀರೆ ಎತ್ಕೋತೀರ, ನಾನು ನೋಡಿದೀನಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ, ತಮ್ಮನ್ನು ಕರೆದುಕೊಂಡು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಮಾನ್ಯರೇ, ಸೀರೆ ಎತ್ತಿಕೊಂಡದ್ದು ನಿಜ. ಆದರೆ ಆ ಚಿಲಕದ ಸದ್ದು ಎಷ್ಟು ದೊಡ್ಡದೆಂದು ಒಳಗಿದ್ದ ತಮಗೆ ತಿಳಿದಿರಲಾರದು. ಹೊರಗೆ ನಿಂತವರಿಗೇ ಅದು ಕೇಳುವುದು. ಅವಳ ಅಪ್ಪನ ಮುಂದೆ ವಿಷಯ ಇಟ್ಟರೆ, ಡ್ಯೂಟಿಗೆ ಹೊರಟು ನಿಂತಿದ್ದ ಆ ಮಹನೀಯರು ಚೀಲ ಹೆಗಲಿಗೇರಿಸುತ್ತಾ "ನೀವಿಬ್ರೂ ಕೂತು ಮಾತಾಡಿ ಬಗೆಹರಿಸ್ಕೊಳ್ಳಿ" ಎಂದರು. ಯಾವ ಇಬ್ಬರು, ನಾನು ಮತ್ತು ಮಗಳೋ, ನಾನು ಮತ್ತು ನಾಯಿಯೋ ಎಂದು ನಾನು ಕೇಳುವಷ್ಟರಲ್ಲಿ ಅವರು ಬೀದಿ ತಿರುವು ದಾಟಿದ್ದರು.

ಹೀಗಾಗಿ ತಮಗೆ ಸ್ನಾನ ಮಾಡಿಸುವ ಹೊಣೆ ನನ್ನ ತಲೆಗೆ ಬಂತು. ಸ್ನಾನ ಎಂಬ ಪದ ಕಿವಿಗೆ ಬಿದ್ದರೆ ತಾವು ಮಂಚದಡಿಯ ಕಟ್ಟಕಡೆಯ ಮೂಲೆಗೆ ಸೇರಿ, ಕಲ್ಲಿನ ವಿಗ್ರಹದಷ್ಟು ಭಾರವಾಗುತ್ತೀರೆಂದು ತಿಳಿದದ್ದರಿಂದ, ನಾನು ಅದನ್ನು 'ಕಾರ್ಯಕ್ರಮ' ಎಂದು ಕರೆಯತೊಡಗಿದೆ. ತಮ್ಮ ಭಾಷಾಜ್ಞಾನಕ್ಕೆ ನನ್ನ ನಮಸ್ಕಾರ. ಮಧ್ಯಾಹ್ನದೊಳಗೆ ತಾವು ಕಾರ್ಯಕ್ರಮ ಎಂಬ ಪದಕ್ಕೂ ಮಂಚದಡಿ ಸೇರಲು ಕಲಿತಿರಿ. ಬಿಸ್ಕತ್ತಿನ ಆಸೆ ತೋರಿಸಿ ಬಚ್ಚಲಿಗೆ ಕರೆತಂದು, ಬಾಗಿಲು ಹಾಕಿ, ಮದುವಣಗಿತ್ತಿಯರಿಗೆಂದೇ ತೆಗೆದಿಟ್ಟಿದ್ದ ನನ್ನ ಅತ್ಯುತ್ತಮ ಶಾಂಪೂವನ್ನು ಧಾರಾಳವಾಗಿ ಸುರಿದೆ. ಮುಂದಿನದನ್ನು ವಿವರಿಸಲು ನಾಚಿಕೆಯಾಗುತ್ತದೆ. ಜನ ಸಾಮಾನ್ಯವಾಗಿ ಬಾಯಿಮಾತಿನಲ್ಲಿ ಮತ್ತೊಬ್ಬರ ನೀರಿಳಿಸುತ್ತಾರೆ. ತಾವು ಮೈ ಕೊಡವಿ, ನಿಜವಾದ ನೀರಿನಿಂದಲೇ ನನ್ನ ನೀರಿಳಿಸಿದಿರಿ. ನೆಲ ನೊರೆ, ಗೋಡೆ ನೊರೆ, ಕನ್ನಡಕ ನೊರೆ, ಬಾಯಿ ತೆರೆದರೆ ಮಲ್ಲಿಗೆ ಪರಿಮಳದ ನೊರೆ. ಒಂದು ಕೈಯಲ್ಲಿ ತಮ್ಮ ಕುತ್ತಿಗೆ, ಇನ್ನೊಂದರಲ್ಲಿ ನಲ್ಲಿ ಹಿಡಿದಿದ್ದ ನನಗೆ ಜಾರುವ ನೆಲದ ಮೇಲೆ ನಿಲ್ಲಲು ಮೂರನೆಯ ಕೈಯೊಂದು ಇರಲಿಲ್ಲ. ಚಿಲಕವನ್ನು ತಾವು ಮೂಗಿನಿಂದ ತೆಗೆದಿರೋ ಮುಂಗಾಲಿನಿಂದ ತೆಗೆದಿರೋ ಇಂದಿಗೂ ತಿಳಿಯದು. ನಾನು ಕುಂಡೆಯೂರಿ ಕೂತಲ್ಲಿಂದ ಕಂಡದ್ದು ತೆರೆದ ಬಾಗಿಲು ಮತ್ತು ದೂರವಾಗುತ್ತಿದ್ದ ಬಿಳಿ ಮೋಡ.

ಆ ಮೋಡ ಮೊದಲು ಹಾಸಿಗೆಯ ಮೇಲೆ ಹೊರಳಿತು, ಆಮೇಲೆ ಪರದೆಯನ್ನು ಅಪ್ಪಿಕೊಂಡಿತು, ಆಮೇಲೆ ತಾರಸಿಗೆ ಹೋಗಿ ಮನೆಯೊಡತಿಯವರು ಆಗತಾನೇ ಹರವಿದ್ದ ನಾಲ್ಕು ಹೊದಿಕೆಗಳಲ್ಲೂ ಪಕ್ಷಪಾತವಿಲ್ಲದೆ ಮೈ ಒರೆಸಿಕೊಂಡಿತು. ಅದನ್ನು ನೋಡಿದ ಮನೆಯೊಡತಿಯವರು ಹೊದಿಕೆಗಳನ್ನು ಮಡಿಸಿ ಬಕೆಟ್ಟಿಗೆ ಹಾಕಿ, "ತಿಂಗಳು ಮುಗೀತಾ ಬಂತು" ಎಂದಷ್ಟೇ ಹೇಳಿ ಕೆಳಗಿಳಿದರು. ಇಷ್ಟರ ನಡುವೆ ಮಗಳು ಹಜಾರದಲ್ಲಿ ನಿಂತಿದ್ದಳು. ಹಿಡಿ ಎಂದು ನಾನು ಕೂಗಿದರೆ ಹಿಡಿಯಲಿಲ್ಲ. ತಮಗೆ ದಾರಿ ಬಿಟ್ಟು ಕೊಟ್ಟಳೆಂದೇ ನನ್ನ ಗುಮಾನಿ.

ಮರುದಿನದಿಂದ ತಾವು ಮೈ ತುರಿಸಿಕೊಳ್ಳಲು ಆರಂಭಿಸಿದಿರಿ, ಗೋಡೆಗೆ, ಬಾಗಿಲಿಗೆ, ಕೊನೆಗೆ ನನಗೆ. ಹೆದರಿಕೆಯಾಗಿ ಪಶುವೈದ್ಯೆಯ ಬಳಿ ಕರೆದುಕೊಂಡು ಹೋದೆ. ಆಕೆ ತಮ್ಮ ಹೊಟ್ಟೆಯ ಕೂದಲು ಸರಿಸಿ ಕೆಂಪಗಾದ ಚರ್ಮ ನೋಡಿ, ನನ್ನ ಶಾಂಪೂವಿನ ಗುಣಗಾನವನ್ನು ಅರ್ಧಕ್ಕೇ ನಿಲ್ಲಿಸಿ, "ನಿಮ್ಮ ಶಾಂಪೂ ನಿಮ್ಮ ತಲೆಗೆ. ನಾಯಿ ಚರ್ಮ ಬೇರೆ, ಅದಕ್ಕೆ ಅದರದ್ದೇ ಬೇಕು. ಮೊದ್ಲು ಒಣ ಮೈಯನ್ನ ಬಾಚಿ, ಸಿಕ್ಕು ಬಿಡಿಸಿ, ಆಮೇಲೆ ನೀರು. ಸಿಕ್ಕಿನ ಮೇಲೆ ನೀರು ಹಾಕಿದ್ರೆ ಅದು ಗಂಟಾಗಿ ಕೂತ್ಕೊಳ್ಳತ್ತೆ, ಒಳಗೆ ತೇವ ನಿಂತು ವಾಸನೆ ಬರತ್ತೆ. ಉಗುರುಬೆಚ್ಚಗಿನ ನೀರು, ಕಿವಿಗೆ ಹತ್ತಿ, ಮುಖಕ್ಕೆ ಒದ್ದೆ ಬಟ್ಟೆ ಅಷ್ಟೇ, ಕೊನೆಗೆ ಬುಡದ ತನಕ ಒಣಗಿಸ್ಬೇಕು" ಎಂದು ಹೇಳಿ, "ಏನು ಕೆಲಸ ಮಾಡ್ತೀರ?" ಎಂದು ಕೇಳಿದರು. ಕೂದಲಿನದೇ ಕೆಲಸ ಎಂದು ಹೇಳಲು ಧೈರ್ಯ ಸಾಲದೆ, ಸ್ವಂತ ವ್ಯಾಪಾರ ಎಂದೆ. ತಾವು ಆ ಹೊತ್ತಿನಲ್ಲಿ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯುವಂತಿಲ್ಲ.

ಪಾರ್ಲರಿಗೆ ರಜೆಯಿದ್ದ ದಿನ ನಾನು ಕೊನೆಯ ಪ್ರಯತ್ನಕ್ಕೆ ಸಿದ್ಧಳಾದೆ. ಮನೆಯ ಬಚ್ಚಲು ತಮ್ಮ ಯುದ್ಧಭೂಮಿ, ಅಲ್ಲಿ ತಮ್ಮನ್ನು ಗೆಲ್ಲುವವರಿಲ್ಲ. ಆದರೆ ಪಾರ್ಲರ್ ನನ್ನದು, ಅಲ್ಲಿಗೆ ಬಂದವರು ನನ್ನ ಮಾತು ಕೇಳಿಯೇ ರೂಢಿ ಎಂದು ನನ್ನ ಲೆಕ್ಕಾಚಾರ. ತಮಗೆ ಬೆಲ್ಟು ಹಾಕಿ, ವೈದ್ಯೆ ಬರೆದುಕೊಟ್ಟ ಶಾಂಪೂವನ್ನು ಚೀಲಕ್ಕೆ ಹಾಕಿ, ಗೇಟು ತೆರೆಯುತ್ತಿದ್ದಂತೆ ಹಿಂದಿನಿಂದ ಬರಿಗಾಲಿನ ಓಟ ಕೇಳಿಸಿತು. ಮಗಳು ಬಂದು ಎರಡೂ ಕೈಯಿಂದ ಬೆಲ್ಟಿನ ಹಗ್ಗ ಹಿಡಿದು, "ಎಲ್ಲಿಗೆ ಕರ್ಕೊಂಡು ಹೋಗ್ತಿದೀರ ಇವನ್ನ?" ಎಂದಳು. ಪಾರ್ಲರಿಗೆ ಎಂದೆ. "ಸುಳ್ಳು. ಪಾರ್ಲರ್‌ಗೆ ಯಾರಾದ್ರೂ ನಾಯಿ ಕರ್ಕೊಂಡು ಹೋಗ್ತಾರಾ? ಎಲ್ಲೋ ಬಿಟ್ಟು ಬರೋಕೆ ಹೋಗ್ತಿದೀರ" ಎಂದು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ನಾನು ಹಗ್ಗವನ್ನು ಪೂರ್ತಿ ಅವಳ ಕೈಗೇ ಬಿಟ್ಟೆ. "ಹಾಗಿದ್ರೆ ನೀನೇ ಹಿಡ್ಕೊ. ನಾನು ಮುಂದೆ ನಡೀತೀನಿ, ನೀವು ಹಿಂದೆ ಬನ್ನಿ. ತಪ್ಪು ದಾರಿ ಹಿಡಿದ್ರೆ ವಾಪಸ್ ಓಡಿ" ಎಂದೆ. ಅವಳು ಚಪ್ಪಲಿ ಹಾಕಿಕೊಂಡು ಬಂದಳು. ದಾರಿಯುದ್ದಕ್ಕೂ ನಾನು ತಿರುಗಿ ನೋಡಲಿಲ್ಲ; ತಮ್ಮ ಉಗುರುಗಳ ಟಕಟಕ ಸದ್ದು ಹಿಂದೆ ಬರುತ್ತಿದೆಯೋ ಇಲ್ಲವೋ ಎಂದು ಕಿವಿಯನ್ನೆಲ್ಲ ಹಿಂದಕ್ಕಿಟ್ಟುಕೊಂಡು ನಡೆದೆ.

ಶಟರ್ ಅರ್ಧ ಎತ್ತಿ ಒಳಗೆ ಬಿಟ್ಟದ್ದೇ ತಡ, ಮಾನ್ಯರೇ, ತಾವು ಪಾರ್ಲರನ್ನು ಒಮ್ಮೆ ಸುತ್ತಿ, ಬಲಗಡೆಯ ತಿರುಗುಕುರ್ಚಿಯನ್ನು ಆರಿಸಿ, ಹಾರಿ ಕುಳಿತು, ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಂಡಿರಿ. ಮನೆಯಲ್ಲಿ ಮಂಚದಡಿಯಿಂದ ಎಳೆಯಲು ಬಾರದ ಮಹಾಶಯರು ಇಲ್ಲಿ ಮುಂಗಡ ಕಾಯ್ದಿರಿಸಿದ ಗಿರಾಕಿಯಂತೆ ಕೂತುಬಿಟ್ಟರು. ಕುತ್ತಿಗೆಗೆ ಬಟ್ಟೆ ಕಟ್ಟಿದೆ, ಕಟ್ಟಿಸಿಕೊಂಡಿರಿ. ಬಾಚಣಿಗೆ ತೆಗೆದೆ, ಗಲ್ಲ ಎತ್ತಿಕೊಟ್ಟಿರಿ. ಮಗಳು ಪಕ್ಕದ ಸ್ಟೂಲಿನ ಮೇಲೆ ಕೂತು ತಮ್ಮ ಮುಂಗಾಲು ಹಿಡಿದುಕೊಂಡು, ನಾನು ಕತ್ತರಿ ಎತ್ತಿದಾಗಲೆಲ್ಲ ನನ್ನ ಮುಖವನ್ನೇ ಕಾಯುತ್ತಿದ್ದಳು. ಸಿಕ್ಕನ್ನು ತುದಿಯಿಂದ ಬುಡದತ್ತ, ಒಂದು ಬೆರಳಗಲ ಒಂದು ಬೆರಳಗಲ ಬಿಡಿಸುತ್ತಾ ಹೋದೆ. ಕಿವಿಯ ಹಿಂದಿನಿಂದ ಒಂದು ಪೆನ್ಸಿಲ್ ಚೂರು, ಬಗಲಿನಿಂದ ಚಾಕಲೇಟಿನ ಕಾಗದ, ಬಾಲದ ಬುಡದಿಂದ ಯಜಮಾನರು ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿಸಿದ್ದ ಅಂಗಿಯ ಗುಂಡಿ ಹೊರಬಂದವು. ಗುಂಡಿ ಬಂದಾಗ ಅವಳ ತುಟಿಯಂಚು ಅಲುಗಿತು, ಆದರೆ ನಗಲಿಲ್ಲ.

ಹಿಂದಿನ ಕೋಣೆಯಲ್ಲಿ ಟವೆಲ್ ಒಗೆಯುವ ದೊಡ್ಡ ಟಬ್ಬಿಗೆ ಬೆಚ್ಚಗಿನ ನೀರು ಬಿಟ್ಟು, ತಮ್ಮನ್ನು ಎತ್ತಿ ಇಳಿಸಬೇಕೆನ್ನುವಾಗ ತಾವು ಹಳೆಯ ಹಟ ತೋರಿದಿರಿ: ನಾಲ್ಕೂ ಕಾಲನ್ನು ಅಗಲಿಸಿ ಟಬ್ಬಿನ ಅಂಚಿಗೆ ಒತ್ತಿ ನಿಂತಿರಿ. ಆಗ ಅವಳು ಎದ್ದು, ರಾಶಿಯಿಂದ ಒಂದು ಹಳೆಯ ಟವೆಲ್ ತೆಗೆದು, ಟಬ್ಬಿನ ತಳಕ್ಕೆ ನೀಟಾಗಿ ಹಾಸಿದಳು. "ಕಾಲು ಜಾರತ್ತೆ ಅಂತ ಅವನಿಗೆ ಭಯ. ನೀರಿಗಲ್ಲ. ಅಮ್ಮ ಹೀಗೇ ಹಾಸ್ತಿದ್ಳು" ಎಂದಳು. ಅಮ್ಮ ಎಂಬ ಪದವನ್ನು ಅವಳು ನನ್ನೆದುರು ಉಚ್ಚರಿಸಿದ್ದು ಅದೇ ಮೊದಲು. ತಾವು ತಕ್ಷಣ ಇಳಿದು ಕೂತಿರಿ. ನಾನು ನೀರು ಹಾಕುತ್ತಾ, ಅಮ್ಮ ಇನ್ನೇನು ಮಾಡುತ್ತಿದ್ದಳೆಂದು ಕೇಳಿದೆ. "ಹಾಡ್ತಿದ್ಳು. ಪೂರ್ತಿ ಬರ್ತಿರ್ಲಿಲ್ಲ, ಮಧ್ಯ ಮಧ್ಯ ದೊರೆ ಹೆಸರು ಸೇರಿಸ್ತಿದ್ಳು" ಎಂದಳು. ನನಗೂ ಯಾವ ಹಾಡೂ ಪೂರ್ತಿ ಬರದು ಎಂದೆ. ಆಮೇಲೆ ಅವಳು ತಮ್ಮ ಬೆನ್ನು ತಿಕ್ಕುತ್ತಲೇ, ತಲೆಯೆತ್ತದೆ, "ನಿಜ ಹೇಳಿ, ನಿಮಗೆ ಇವನು ಇಷ್ಟ ಇಲ್ಲ ಅಲ್ವಾ?" ಎಂದು ಕೇಳಿದಳು. ಸುಳ್ಳು ಹೇಳಿ ಗೆಲ್ಲಬಹುದಾಗಿದ್ದ ಗಳಿಗೆ ಅದು. "ಇಲ್ಲ. ಈ ವಾಸನೆ ಜೊತೆ ಇಷ್ಟಪಡೋದು ನನಗೆ ಕಷ್ಟ. ಆದ್ರೆ ಇವನು ಹೋದ್ರೆ ನೀನೂ ಮನಸ್ಸಲ್ಲೇ ಇವನ ಹಿಂದೆ ಹೋಗ್ಬಿಡ್ತೀಯ. ಅದು ನನಗೆ ಬೇಡ" ಎಂದೆ. ಅವಳು ಶಾಂಪೂ ಬಾಟಲಿಯನ್ನು ನನ್ನ ಕಡೆ ದೂಡಿದಳು. ಇಬ್ಬರೂ ಸೇರಿ ತಿಕ್ಕಿದೆವು. ಟಬ್ಬಿನ ನೀರು ಕಾಫಿಯಾಯಿತು, ಆಮೇಲೆ ಚಹಾ ಆಯಿತು, ಕೊನೆಗೆ ನೀರಾಯಿತು. ನೊರೆಯ ಅಡಿಯಿಂದ ಜೇನಿನ ಬಣ್ಣದ, ನಾಲ್ಕು ಬಿಳಿ ಕಾಲ್ಚೀಲ ತೊಟ್ಟ, ನಮಗೆ ಪರಿಚಯವೇ ಇಲ್ಲದ ನಾಯಿಯೊಂದು ಹೊರಬಂತು.

ತಮ್ಮನ್ನು ಮತ್ತೆ ಕುರ್ಚಿಗೇರಿಸಿ, ಮೈಗೆ ನೀಲಿ ಹೊದಿಕೆ ಹೊದಿಸಿ, ಕಿವಿ ಬೆಚ್ಚಗಿರಲೆಂದು ತಲೆಗೆ ಟವೆಲನ್ನು ಗಿರಾಕಿಗಳಿಗೆ ಸುತ್ತುವ ಹಾಗೆಯೇ ಸುತ್ತಿ, ಒಣಗಿಸುವ ಯಂತ್ರವನ್ನು ತಣ್ಣನೆಯ ಗಾಳಿಗಿಟ್ಟು ಬೀಸಿದೆ. ತಾವು ಕಣ್ಣು ಮುಚ್ಚಿದಿರಿ. ಸರಿಯಾಗಿ ಆ ಹೊತ್ತಿಗೆ ಅರ್ಧ ಎತ್ತಿದ್ದ ಶಟರಿನಡಿಯಿಂದ ಬಗ್ಗಿಕೊಂಡು ಒಳಬಂದವರು ನಮ್ಮ ಮನೆಯೊಡತಿ. ಮರುದಿನ ಹಳೆಯ ಸಹಪಾಠಿಗಳು ಸೇರುವವರಿದ್ದರಂತೆ, ಕೂದಲಿಗೆ ಬಣ್ಣ ಆಗಲೇಬೇಕಂತೆ, ರಜೆಯೆಂದು ಗೊತ್ತು, ಆದರೂ ಶಟರ್ ತೆರೆದಿತ್ತಂತೆ. ಅವರ ಕನ್ನಡಕದ ಕಾಲು ಮುರಿದು ರಿಪೇರಿಗೆ ಹೋಗಿತ್ತು. ಗೋಡೆ ತಡವಿಕೊಂಡು ಬಂದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮ ಕಡೆ ಗೌರವದಿಂದ ತಲೆಬಾಗಿಸಿ, "ನಿಮ್ಮದು ಮುಗೀಲಿ, ನನಗೇನೂ ಅವಸರ ಇಲ್ಲ" ಎಂದರು.

ನನ್ನ ಕೈಯಲ್ಲಿದ್ದ ಯಂತ್ರ ನಿಂತುಹೋಯಿತು. ಮಗಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ; ಸತ್ಯ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವರು ಮಾತಿಗೆ ತೊಡಗಿಬಿಟ್ಟಿದ್ದರು. "ಏನು ಘಮ ಘಮ ಅಂತಿದೀರ ರೀ! ಯಾವ ಶಾಂಪೂ ಅದು? ನಮ್ಮ ಮಹಡಿ ಮೇಲೆ ಒಂದು ನಾಯಿ ಇದೆ, ಇವಳದೇ, ಕೇಳಿ ಬೇಕಾದ್ರೆ. ಆ ವಾಸನೆ ಕುಡಿದೂ ಕುಡಿದೂ ನನ್ನ ಮೂಗೇ ಸತ್ತುಹೋಗಿತ್ತು, ಇವತ್ತು ನಿಮ್ಮಿಂದ ಜೀವ ಬಂತು ನೋಡಿ" ಎಂದರು. ತಾವು ಘನವಾದ ಮೌನ ವಹಿಸಿದಿರಿ. ಕೇಳುವವರು ಸಿಕ್ಕರೆಂದು ಅವರ ದನಿ ಮೆತ್ತಗಾಯಿತು. "ಹಾಗಂತ ನಾಯಿ ಕೆಟ್ಟದ್ದಲ್ಲ ರೀ. ನಾನು ಮೆಟ್ಟಿಲು ಹತ್ತಿದ್ರೆ ಎದ್ದು ನಿಲ್ಲತ್ತೆ. ನಮ್ಮನೇಲಿ ನಾನು ಬಂದ್ರೆ ಯಾರೂ ಟಿವಿಯಿಂದ ಮುಖಾನೂ ತಿರುಗಿಸಲ್ಲ, ಅದೊಂದು ಎದ್ದು ನಿಲ್ಲತ್ತೆ. ವಾಸನೆ ಒಂದು ಇಲ್ದಿದ್ರೆ ತಲೆ ಸವರಬಹುದಿತ್ತು" ಎಂದು ಹೇಳುತ್ತಾ, ಮಾತಿನ ಭರದಲ್ಲಿ, ಕುರ್ಚಿಯ ಕೈಮೇಲಿದ್ದ ತಮ್ಮ ಮುಂಗಾಲಿನ ಮೇಲೆ ಕೈಯಿಟ್ಟರು. "ಅಯ್ಯೋ, ಅಂಗೈ ಎಷ್ಟು ಒರಟಾಗಿಬಿಟ್ಟಿದೆ! ಪಾತ್ರೆ ಎಲ್ಲ ನೀವೇ ತೊಳೀತೀರಾ? ರಾತ್ರಿ ಮಲಗೋವಾಗ ಸ್ವಲ್ಪ ಎಣ್ಣೆ ಹಚ್ಕೊಳ್ಳಿ. ಉಗುರೂ ಇಷ್ಟು ಉದ್ದ ಬಿಡ್ಬೇಡಿ, ಈ ವಯಸ್ಸಿಗೆ ಚೆನ್ನಾಗಿ ಕಾಣಲ್ಲ."

ಮಗಳು ಟವೆಲನ್ನು ಬಾಯಿಗೆ ತುರುಕಿಕೊಂಡಳು. ನಾನು ನಗು ತಡೆಯಲು ಕಪಾಟಿನೊಳಗೆ ತಲೆ ಹಾಕಿ ಏನೋ ಹುಡುಕುವವಳಂತೆ ನಿಂತೆ. ಆ ಅಕ್ಕರೆಯ ಮಾತಿಗೆ ಇನ್ನು ಸುಮ್ಮನಿರುವುದು ಸಭ್ಯತೆಯಲ್ಲವೆಂದು ತಮಗೆ ತೋಚಿರಬೇಕು. ತಾವು ಟವೆಲಿನ ಸಮೇತ ಮುಖ ತಿರುಗಿಸಿ, ಅವರ ಗಲ್ಲದಿಂದ ಹಣೆಯವರೆಗೆ ಒಂದೇ ಗುಕ್ಕಿನಲ್ಲಿ ನೆಕ್ಕಿದಿರಿ. ಅವರು ಕಿರುಚಿದ ರಭಸಕ್ಕೆ ಪಕ್ಕದ ದರ್ಜಿಯ ಹೊಲಿಗೆಯಂತ್ರ ನಿಂತಿತು. ಎದ್ದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ತಾವು ಯಾರೆಂದು ಕಂಡುಕೊಂಡ ಮೇಲೆ ಅವರ ಮುಖ ಮೂರು ಬಣ್ಣ ತಿರುಗಿತು. "ಯಾರು ಇದನ್ನ ತಂದು ಇಲ್ಲಿ ಕೂರಿಸಿದ್ದು?" ಎಂದು ಗುಡುಗಿದರು. ನಾನು ಎಂದು ಹೇಳಲು ಬಾಯಿ ತೆರೆದೆ. ಅದಕ್ಕೂ ಮೊದಲೇ ಮಗಳು ಬಾಯಿಂದ ಟವೆಲ್ ತೆಗೆದು, ನನ್ನ ಪಕ್ಕ ಬಂದು ನಿಂತು, "ನಾವು" ಎಂದಳು.

ಮನೆಯೊಡತಿಯವರು ನಮ್ಮಿಬ್ಬರನ್ನೂ ನೋಡಿದರು, ತಮ್ಮನ್ನು ನೋಡಿದರು, ಇನ್ನೊಮ್ಮೆ ಮೂಗೆಳೆದುಕೊಂಡರು. ಅಂಥ ಮೂಗಿಗೂ ಅಲ್ಲಿ ಒಂದು ತಪ್ಪೂ ಸಿಗಲಿಲ್ಲ. "ನಾನು ನಾಯಿ ಜೊತೆ ಮಾತಾಡಿದೆ ಅನ್ನೋ ವಿಷಯ ಈ ಅಂಗಡಿ ಬಿಟ್ಟು ಹೊರಗೆ ಹೋದ್ರೆ..." ಎಂದು ಬೆರಳೆತ್ತಿದರು. ಮಗಳು 'ದೊರೆ ಹೋಗದಿದ್ರೆ ವಿಷಯಾನೂ ಹೋಗಲ್ಲ' ಎಂದಳು, ಬಹಳ ವಿನಯದಿಂದ. ಮೊದಲು ಅಲುಗಿದ್ದು ಅವರ ಹೊಟ್ಟೆ, ಆಮೇಲೆ ಭುಜ, ಆಮೇಲೆ ಇಡೀ ಕುರ್ಚಿ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರೆ ತಾವು ಮಾತ್ರ, ಕೆಲಸ ನಿಲ್ಲಿಸಿದ್ದಕ್ಕೆ ಬೇಸರಗೊಂಡ ಗಿರಾಕಿಯಂತೆ, ಕನ್ನಡಿಯ ಮೂಲಕ ನನ್ನನ್ನೇ ದಿಟ್ಟಿಸುತ್ತಿದ್ದಿರಿ. ಆ ಮಧ್ಯಾಹ್ನ ತಮ್ಮ ಕೂದಲು ಕೊಂಕಲಿಲ್ಲ, ತಮ್ಮ ಮನೆಯೂ ಉಳಿಯಿತು.

ಎಲ್ಲ ಸುಖಾಂತವಾದ ಮೇಲೂ ದೂರೇಕೆ ಎನ್ನುತ್ತೀರೇನೋ. ಮಾನ್ಯರೇ, ಅಲ್ಲಿಂದಲೇ ನನ್ನ ಕಷ್ಟ ಶುರುವಾದದ್ದು. ಕನ್ನಡಿಯ ರುಚಿ ಹತ್ತಿದ ತಾವು ಈಗ ಪ್ರತಿ ರಜೆಯ ದಿನ ಬೆಳಗಾಗುವ ಮುನ್ನವೇ ಬೆಲ್ಟನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ನನ್ನ ಮುಖದ ಮೇಲೆ ಹಾಕುತ್ತೀರಿ. ನನ್ನ ಬದುಕಿನಲ್ಲಿ ಉಳಿದಿದ್ದ ಏಕಮಾತ್ರ ರಜೆಯನ್ನೂ ನುಂಗಿ ನೀರು ಕುಡಿದಿದ್ದೀರಿ. ವಾರದಲ್ಲೊಮ್ಮೆ ಬಾಚಿದರೆ ಸಾಕು, ಸ್ನಾನ ಅಷ್ಟು ಬೇಡ ಎಂದು ವೈದ್ಯೆ ಹೇಳಿದ್ದನ್ನು ತಮಗೆ ಓದಿ ಹೇಳಿದರೆ ಬೆನ್ನು ತಿರುಗಿಸಿ ಕೂರುತ್ತೀರಿ. ಆದ್ದರಿಂದ ಕೆಲವು ವಿನಮ್ರ ಕೋರಿಕೆಗಳು. ದಯವಿಟ್ಟು ಕೂದಲು ಉದುರಿಸುವಾಗ ಆ ದಿನ ನಾನು ಉಟ್ಟ ಸೀರೆಯ ಬಣ್ಣಕ್ಕೆ ಹೊಂದುವಂಥದ್ದನ್ನೇ ಆರಿಸಿ ಉದುರಿಸಿ. ಮೈ ಕೊಡವುವ ಮುನ್ನ ಒಂದು ಗಂಟೆ ಮುಂಚಿತವಾಗಿ ತಿಳಿಸಿ, ನಾನು ಪಕ್ಕದ ಊರಿಗೆ ಹೋಗಿಬರುತ್ತೇನೆ. ಸತ್ತ ಮೀನಿನ ಮೇಲೆ ಹೊರಳಲೇಬೇಕೆಂಬ ಆಸೆ ಬಂದರೆ ಸ್ನಾನಕ್ಕೆ ಮೊದಲೇ ಹೊರಳಿ ಮುಗಿಸಿ, ಮರುದಿನಕ್ಕೆ ಉಳಿಸಿಕೊಳ್ಳಬೇಡಿ.

ಈ ಎಲ್ಲಕ್ಕಿಂತ ದೊಡ್ಡ ನಷ್ಟವೊಂದು ತಮ್ಮಿಂದ ನನಗಾಗಿದೆ. ಅದನ್ನು ಹೇಳದೆ ಈ ಪತ್ರ ಮುಗಿಸಲಾರೆ. ಈ ಮನೆಗೆ ಕಾಲಿಟ್ಟಂದಿನಿಂದ ಮಗಳು ನನ್ನನ್ನು 'ನೀವು' ಎಂದೇ ಮಾತಾಡಿಸುತ್ತಿದ್ದಳು. ಅಪರಿಚಿತರಿಗೆ, ಮೇಷ್ಟರಿಗೆ, ಪೊಲೀಸರಿಗೆ ಕೊಡುವಂಥ ಅಚ್ಚುಕಟ್ಟಾದ ಬಹುವಚನ. ಅದನ್ನು ನಾನು ಮರ್ಯಾದೆ ಎಂದು ಜೋಪಾನವಾಗಿಟ್ಟುಕೊಂಡಿದ್ದೆ. ಕಳೆದ ರಜೆಯ ದಿನ ನಾನು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಾಗ, ಗೇಟಿನ ಬಳಿ ತಮ್ಮನ್ನು ಹಿಡಿದು ನಿಂತಿದ್ದ ಅವಳು, ಬೀದಿಗೆಲ್ಲ ಕೇಳುವಂತೆ, "ಎಷ್ಟು ಹೊತ್ತು ನಿಂದು? ಬೇಗ ಬಾ, ದೊರೆ ಕಾಯ್ತಿದಾನೆ!" ಎಂದು ಕೂಗಿದಳು. ನಿಂದು, ಬಾ. ಬಾಚಣಿಗೆ ಕೈಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದವಳು ಸ್ವಲ್ಪ ಹೊತ್ತು ಏಳಲಿಲ್ಲ. ಇಷ್ಟು ದಿನ ಕಾಪಾಡಿಕೊಂಡು ಬಂದ ನನ್ನ ಮರ್ಯಾದೆ ಹೀಗೆ ಹಾಡಹಗಲೇ ನೀರುಪಾಲಾಯಿತು. ಇದಕ್ಕೆ ತಾವೇ ನೇರ ಹೊಣೆಯೆಂದು ಈ ಮೂಲಕ ಸಾರುತ್ತೇನೆ. ಮತ್ತು ಯಾವ ಕಾರಣಕ್ಕೂ, ಯಾರು ಕೇಳಿದರೂ, ಆ ಬಹುವಚನವನ್ನು ನನಗೆ ಮರಳಿ ಕೊಡಿಸಬಾರದೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.

ಇಂತು, ತಮ್ಮ ರೋಮಗಳನ್ನು ಉಟ್ಟ ಬಟ್ಟೆಯ ಮೇಲೆ ಸದಾ ಧರಿಸಿರುವ,

ತಮ್ಮ ವಿಶ್ವಾಸಿ,
ಮಂಚದ ಬಲತುದಿಯ ಬಾಡಿಗೆದಾರಳು

ವಿ.ಸೂ.: ಬೆಕ್ಕುಗಳು ತಮ್ಮ ಮೈಯನ್ನು ತಾವೇ ನೆಕ್ಕಿ, ಯಾರ ನೆರವೂ ಇಲ್ಲದೆ, ದಿನವಿಡೀ ಶುಭ್ರವಾಗಿರುತ್ತವೆಂದು ನಿನ್ನೆ ಎಲ್ಲೋ ಓದಿದೆ. ಮೂಲೆಮನೆಯ ಬೆಕ್ಕು ಮರಿ ಹಾಕಿದೆಯಂತೆ. ಅವುಗಳಲ್ಲೊಂದನ್ನು ನೋಡಿಕೊಂಡು ಬರಲು ನಾವಿಬ್ಬರೂ ಸಂಜೆ ಹೋಗುವವರಿದ್ದೇವೆ. ಇದನ್ನು ತಾವು ಬೆದರಿಕೆಯೆಂದು ಭಾವಿಸಬೇಕಾಗಿಲ್ಲ. ಸ್ಪರ್ಧೆಯೆಂದು ಭಾವಿಸಿದರೆ ಸಾಕು.